ಎರಡು ಕೈಗೆ ಒಂದೇ ನಾಡಿ

ನನಗೆ ತಲೆನೋವು ಶುರುವಾದಾಗ ಅದನ್ನು ಕಾಯಿಲೆಯೆಂದು ಮನೆಯಲ್ಲಿ ಯಾರೂ ಒಪ್ಪಲಿಲ್ಲ. ನಾನೂ ಒಪ್ಪಲಿಲ್ಲ. ಕುಮಾರಸ್ವಾಮಿ ಲೇಔಟಿನ ಒಂದು ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿ ನಾನು ಗಣಿತದ ಟೀಚರು. ಹತ್ತನೇ ತರಗತಿಗೆ ಗಣಿತ ಹೇಳಿಕೊಡುವವಳಿಗೆ ತಲೆನೋವು ಬಂದರೆ ಅದು ಕೆಲಸದ ಒಂದು ಭಾಗವೆಂದೇ ಎಲ್ಲರ ಲೆಕ್ಕ.

ಬನಶಂಕರಿ ಎರಡನೇ ಹಂತದ ನಮ್ಮ ಮನೆಯಲ್ಲಿ ಇರುವುದು ಮೂವರು. ನಾನು, ನನ್ನ ಗಂಡ, ಅವರ ತಾಯಿ. ಗಂಡ ವಿಮೆ ಕಚೇರಿಯಲ್ಲಿ ಕೆಲಸ ಮಾಡುತ್ತಾರೆ, ಯಾವ ಕಾಯಿಲೆಗೂ ಕನ್ನಡಕವೇ ಪರಿಹಾರವೆಂದು ನಂಬಿದವರು. ಅತ್ತೆಯ ಪ್ರಕಾರ ನಾನು ತಲೆಗೆ ನೀರು ಹಾಕಿಕೊಂಡು ಒದ್ದೆಕೂದಲಲ್ಲೇ ಬಸ್ಸು ಹತ್ತುವುದು ಎಲ್ಲಕ್ಕೂ ಮೂಲ. ಶಾಲೆಯ ಸ್ಟಾಫ್‌ರೂಮಿನಲ್ಲಿ ಗ್ಯಾಸ್ ಎಂದರು, ಸೈನಸ್ ಎಂದರು. ಸಮಾಜ ವಿಜ್ಞಾನದ ಮೇಡಂ ಮಾತ್ರ ಕಣ್ಣು ಸಣ್ಣ ಮಾಡಿ, "ಮನೇಲಿ ಅತ್ತೆ ಇದಾರಲ್ವಾ" ಎಂದಷ್ಟೇ ಕೇಳಿದರು.

ನೋವು ಬೆಳಿಗ್ಗೆ ಏಳುವ ಹೊತ್ತಿಗೇ ಕುತ್ತಿಗೆಯ ಹಿಂದಿನಿಂದ ಹೊರಟು ತಲೆಯ ಹಿಂಭಾಗದಲ್ಲಿ ಬಂದು ಕೂರುತ್ತಿತ್ತು. ಒಳಗೆ ಯಾರೋ ಕುಟ್ಟಾಣಿಯಲ್ಲಿ ಮೆಣಸು ಕುಟ್ಟುತ್ತಿರುವಂತೆ. ಅದರ ಜೊತೆಗೆ ಬಿಟ್ಟೂ ಬಿಟ್ಟೂ ಸಣ್ಣ ಜ್ವರ, ಸುಸ್ತು. ಅತ್ತೆ ಒಣಶುಂಠಿ ತೇಯ್ದು ಹಣೆಗೆ ಹಚ್ಚಿದರು. ಹಣೆ ಉರಿಯಿತು, ತಲೆಯ ಹಿಂಭಾಗ ಹಾಗೇ ಇತ್ತು. ಗಂಡ ಕನ್ನಡಕ ಮಾಡಿಸಿಕೊಟ್ಟರು. ನೋವು ಈಗ ಸ್ವಲ್ಪ ಸ್ಪಷ್ಟವಾಗಿ ಕಾಣಿಸತೊಡಗಿತು, ಅಷ್ಟೆ.

ಕೊನೆಗೆ ಹನುಮಂತನಗರದ ನಮ್ಮ ಮನೆ ಡಾಕ್ಟರ ಬಳಿ ಹೋದೆವು. ನನ್ನ ಗಂಡನಿಗೆ ಮೊದಲ ಚುಚ್ಚುಮದ್ದು ಹಾಕಿದವರೂ ಅವರೇ. ಅವರ ಕೋಣೆ ಎಷ್ಟು ಚಿಕ್ಕದೆಂದರೆ, ರೋಗಿಯ ಸ್ಟೂಲು ಗೋಡೆಗೆ ಅಂಟಿಕೊಂಡಿರುತ್ತದೆ. ಬಲಗೈ ಗೋಡೆಯ ಕಡೆ, ಎಡಗೈ ಮೇಜಿನ ಕಡೆ. ಹಾಗಾಗಿ ಇಡೀ ಹನುಮಂತನಗರದ ಬಿಪಿ ಅಲ್ಲಿ ಎಡಗೈಯಲ್ಲೇ ನೋಡಲ್ಪಡುತ್ತಿತ್ತು. ನನ್ನದನ್ನೂ ನೋಡಿದರು. ಪಟ್ಟಿ ಬಿಗಿದು, ಗಾಳಿ ತುಂಬಿ, ಸ್ಟೆತಾಸ್ಕೋಪಿಟ್ಟು ತುಂಬ ಹೊತ್ತು ಕೇಳಿಸಿಕೊಂಡರು.

"ಲೋ ಬಿಪಿ ಕಣಮ್ಮ" ಎಂದರು. "ಅದಕ್ಕೇ ಸುಸ್ತು, ತಲೆನೋವು ಎಲ್ಲ. ನೀರು ಚೆನ್ನಾಗಿ ಕುಡಿ. ಉಪ್ಪು ಸ್ವಲ್ಪ ಜಾಸ್ತಿ ತಗೋ."

ಪಕ್ಕದಲ್ಲಿ ನಿಂತಿದ್ದ ಅತ್ತೆಯ ಮುಖ ಅರಳಿದ್ದನ್ನು ನಾನು ನೋಡಿದೆ. ಅವರು ಉಪ್ಪಿನಕಾಯಿಯ ವಿಷಯದಲ್ಲಿ ನಮ್ಮ ಬಳಗದಲ್ಲೇ ಹೆಸರಾದವರು. ಆದರೆ ಈಚಿನ ವರ್ಷಗಳಲ್ಲಿ ಮನೆಯವರೆಲ್ಲ ಉಪ್ಪು ಕಮ್ಮಿ, ಎಣ್ಣೆ ಕಮ್ಮಿ ಎಂದು ತಟ್ಟೆಯ ಮೂಲೆಯಿಂದ ಉಪ್ಪಿನಕಾಯಿಯನ್ನು ಸರಿಸುತ್ತ ಬಂದಿದ್ದರು. ಈಗ ಒಬ್ಬ ಡಾಕ್ಟರೇ, ಅದೂ ಎಂ.ಬಿ.ಬಿ.ಎಸ್. ಆದವರು, ಅವರ ಕೈಗೆ ಸೊಸೆಯನ್ನು ಒಪ್ಪಿಸಿದ್ದರು.

ಮರುದಿನದಿಂದ ಚಿಕಿತ್ಸೆ ಶುರುವಾಯಿತು. ಉಪ್ಪಿಟ್ಟಿಗೆ ಆ ಹೆಸರು ಯಾಕೆ ಬಂತೆಂದು ನನಗೆ ತಿಳಿದದ್ದು ಆಗಲೇ. ಊಟಕ್ಕೆ ಹೇರಳೆಕಾಯಿ ಉಪ್ಪಿನಕಾಯಿ, ಮಾವಿನ ಮಿಡಿ, ಮೊಸರನ್ನಕ್ಕೆ ಕರಿದ ಬಾಳಕದ ಮೆಣಸಿನಕಾಯಿ. ಸಂಜೆ ಮನೆಗೆ ಬಂದರೆ ಕಾಫಿಗೆ ಮೊದಲು ಒಂದು ದೊಡ್ಡ ಲೋಟ ಉಪ್ಪುಮಜ್ಜಿಗೆ. ಊಟದ ಡಬ್ಬಿಯ ಜೊತೆ ಇನ್ನೊಂದು ಪುಟ್ಟ ಡಬ್ಬಿಯಲ್ಲಿ ಬರೀ ಉಪ್ಪು ಇರುತ್ತಿತ್ತು. ಸ್ಟಾಫ್‌ರೂಮಿನಲ್ಲಿ ಪೇರಲೆಹಣ್ಣು ತಿನ್ನುವವರಿಗೆಲ್ಲ ಅದರಿಂದ ಅನುಕೂಲವಾಯಿತು.

ತಲೆನೋವು ಹೆಚ್ಚಾಯಿತು.

"ಉಪ್ಪು ಸಾಲ್ತಿಲ್ಲ" ಎಂದರು ಅತ್ತೆ.

ಇಲ್ಲಿ ನನ್ನ ಎಡಗೈಯ ಬಗ್ಗೆ ಹೇಳಬೇಕು. ನಾನು ಹುಟ್ಟಿನಿಂದ ಎಡಚಿ. ಹೆಣ್ಣು ನೋಡಲು ಬಂದಾಗ ಅತ್ತೆ ಅದನ್ನು ಗಮನಿಸಿ, ಬಡಿಸುವುದೊಂದನ್ನು ಬಲಗೈಯಲ್ಲಿ ಮಾಡಿದರೆ ಸಾಕೆಂದು ಒಪ್ಪಿದ್ದರು. ಬಡಿಸುವುದು, ಕುಂಕುಮ ಕೊಡುವುದು ಬಲಗೈ. ಬರೆಯುವುದು ಎಡಗೈ. ಹೀಗೆ ನಮ್ಮ ನಡುವೆ ಒಂದು ಒಪ್ಪಂದವಾಗಿ ವರ್ಷಗಳೇ ಕಳೆದಿದ್ದವು.

ಆ ಎಡಗೈ ಈಗ ಶಾಲೆಯಲ್ಲಿ ಕೈಕೊಡತೊಡಗಿತು. ಬೋರ್ಡಿನ ಮೇಲೆ ಎರಡು ಸಾಲು ಬರೆಯುವಷ್ಟರಲ್ಲಿ ತೋಳು ಸೋತು, ಮರಳು ತುಂಬಿದ ಚೀಲದಂತೆ ಭಾರವಾಗುತ್ತಿತ್ತು. ಕೆಳಗಿಳಿಸಿ ಒಂದು ನಿಮಿಷ ಬಿಟ್ಟರೆ ಸರಿ. ಮತ್ತೆ ಎತ್ತಿದರೆ ಮತ್ತೆ ಅದೇ. ನಾನು ಜಾಣತನ ಮಾಡಿ ಬೋರ್ಡಿನ ಮಧ್ಯದಿಂದ ಬರೆಯತೊಡಗಿದೆ. ಆಮೇಲೆ ಇನ್ನೂ ಕೆಳಗಿನಿಂದ. ಕೊನೆಗೆ ನನ್ನ ಬೀಜಗಣಿತವೆಲ್ಲ ಬೋರ್ಡಿನ ಕೆಳಗಿನ ಪಟ್ಟಿಯ ಹತ್ತಿರ ಮಲಗಿರುತ್ತಿತ್ತು. ಹಿಂದಿನ ಬೆಂಚಿನವರು ಎದ್ದು ನಿಲ್ಲುತ್ತಿದ್ದರು, ಅವರ ಹಿಂದಿನವರು ಬೆಂಚಿನ ಮೇಲೆ ಹತ್ತುತ್ತಿದ್ದರು. ದೂರದಿಂದ ನೋಡಿದವರಿಗೆ ತರಗತಿಯಲ್ಲಿ ಏನೋ ಕುಸ್ತಿ ನಡೆಯುತ್ತಿದೆ ಎನಿಸಬೇಕು.

ಒಂದು ಮಧ್ಯಾಹ್ನ ವೃತ್ತದ ಸ್ಪರ್ಶಕಗಳ ಪ್ರಮೇಯ ಮಾಡುತ್ತಿದ್ದೆ. ಅವತ್ತು ಚಿತ್ರ ದೊಡ್ಡದಾಗಿ ಬರೆಯೋಣವೆಂದು ಕೈಯನ್ನು ಪೂರ್ತಿ ಎತ್ತಿ ವೃತ್ತ ಎಳೆದೆ, ಸ್ಪರ್ಶಕ ಎಳೆದೆ, ದತ್ತ ಬರೆದೆ, ಸಾಧನೀಯ ಬರೆದೆ. ಅಷ್ಟರಲ್ಲಿ ಬೋರ್ಡು ಸುತ್ತಲಿಂದ ಮಸುಕಾಗುತ್ತ ಬಂತು. ನಾನು ಬರೆದ ವೃತ್ತ ಎರಡಾಯಿತು, ಆಮೇಲೆ ಒಂದೂ ಕಾಣಿಸಲಿಲ್ಲ. ಮೇಜನ್ನು ಹಿಡಿದು ಹಾಗೇ ನೆಲದ ಮೇಲೆ ಕುಳಿತೆ. ತರಗತಿ ಪೂರ್ತಿ ನಿಶ್ಶಬ್ದ. ಅಂಥ ನಿಶ್ಶಬ್ದವನ್ನು ನಾನು ಬೆತ್ತ ಹಿಡಿದಾಗಲೂ ಕಂಡಿರಲಿಲ್ಲ. ಸ್ವಲ್ಪ ಹೊತ್ತಿಗೆ ಕಣ್ಣು ತಿಳಿಯಾಯಿತು. ಮುಂದಿನ ಬೆಂಚಿನ ಹುಡುಗಿ ನನ್ನ ಮುಖದ ಹತ್ತಿರ ಬಗ್ಗಿದ್ದಳು.

"ಮಿಸ್, ಸಾಧನೆ ನಾವೇ ಬರ್ಕೊಳ್ಳೋಣ್ವಾ?" ಎಂದು ಕೇಳಿದಳು.

ಮುಖ್ಯೋಪಾಧ್ಯಾಯಿನಿ ನನ್ನನ್ನು ಕೋಣೆಗೆ ಕರೆಸಿ, ಬಾಗಿಲು ಹಾಕಿಸಿ, ಏನಾದರೂ ವಿಶೇಷವೇ ಎಂದು ಮೆಲ್ಲಗೆ ಕೇಳಿದರು. ಇಲ್ಲ ಎಂದೆ. ಅವರಿಗೆ ನಂಬಿಕೆಯಾಗಲಿಲ್ಲ. ಆಟೋ ಹತ್ತಿಸುವಾಗ, ಹುಷಾರಾಗಿ ಓಡಿಸಪ್ಪ ಎಂದು ಡ್ರೈವರಿಗೆ ಎರಡೆರಡು ಸಲ ಹೇಳಿದರು.

ಇಷ್ಟಾದ ಮೇಲೆ ಅತ್ತೆಗೆ ಮನೆ ಡಾಕ್ಟರ ಮೇಲಿನ ಭರವಸೆ ಸ್ವಲ್ಪ ಅಲುಗಿತು. ಜಯನಗರದಲ್ಲಿ ಒಬ್ಬ ಹಿರಿಯ ಪಂಡಿತರಿದ್ದರು. ನಾಡಿ ಹಿಡಿದರೆ ಹಿಂದಿನ ದಿನ ಏನು ತಿಂದಿರಿ ಎಂಬುದನ್ನೂ ಹೇಳುತ್ತಾರೆಂದು ಅವರ ಖ್ಯಾತಿ. ಶನಿವಾರ ಶಾಲೆ ಮುಗಿಸಿಕೊಂಡು ಬಂದವಳನ್ನು ಅತ್ತೆ ಹಾಗೇ ಕರೆದುಕೊಂಡು ಹೋದರು. ಪಂಡಿತರು ಚಾಪೆಯ ಮೇಲೆ ಕೂತಿದ್ದರು. ಹೆಂಗಸರಿಗೆ ಎಡಗೈ ನಾಡಿ ನೋಡುವುದು ಅವರ ಪದ್ಧತಿ. ಎಡಗೈ ಚಾಚಿದೆ. ಮೂರು ಬೆರಳಿಟ್ಟು ಕಣ್ಣು ಮುಚ್ಚಿದರು.

ತುಂಬ ಹೊತ್ತಾಯಿತು. ಅವರು ಒಂದು ಕಣ್ಣು ತೆರೆದು ನನ್ನನ್ನು ನೋಡಿದರು. ಮತ್ತೆ ಮುಚ್ಚಿದರು. ಬೆರಳನ್ನು ಸ್ವಲ್ಪ ಮೇಲಿಟ್ಟರು, ಸ್ವಲ್ಪ ಕೆಳಗಿಟ್ಟರು, ಒತ್ತಿದರು, ಸಡಿಲ ಬಿಟ್ಟರು.

"ಸ್ವಲ್ಪ ಫ್ಯಾನ್ ಆಫ್ ಮಾಡಿ" ಎಂದರು.

ಅತ್ತೆ ಎದ್ದು ಫ್ಯಾನ್ ಆರಿಸಿದರು. ಪಂಡಿತರ ಹಣೆಯಲ್ಲಿ ಬೆವರು ಮೂಡಿತು.

"ಏನಮ್ಮ, ಉಸಿರಾಡ್ತಿದೀರಿ ತಾನೇ?"

"ಆಡ್ತಿದೀನಿ ಸಾರ್."

ಅವರು ನನ್ನ ಕೈ ಬಿಟ್ಟು, ತಮ್ಮ ಬೆರಳುಗಳನ್ನೇ ಒಮ್ಮೆ ನೋಡಿಕೊಂಡು, ಅತ್ತೆಯ ಕೈ ಕೇಳಿದರು. ಅತ್ತೆಯ ನಾಡಿ ತಕ್ಷಣ ಸಿಕ್ಕಿತು. ಪಿತ್ತ ಜಾಸ್ತಿ ಇದೆ ಎಂದು ಹೇಳಿ, ನೆಮ್ಮದಿಯಾಗಿ ಮತ್ತೆ ನನ್ನ ಕಡೆ ತಿರುಗಿದರು. ಈ ಸಲ ಬಲಗೈ ಹಿಡಿದರು. ಹಿಡಿದವರು ಹಾಗೇ ಕಣ್ಣರಳಿಸಿದರು. ಬಲಗೈಯಲ್ಲಿ ನಾಡಿ ಧಡಧಡ ಓಡುತ್ತಿತ್ತಂತೆ. ಎರಡೂ ಕೈಯನ್ನು ಒಟ್ಟಿಗೆ ಹಿಡಿದು ನೋಡಿದರು. ಒಬ್ಬಳೇ ಹೆಂಗಸಿನಲ್ಲಿ ಇಬ್ಬರು ಕೂತಿರುವಂತೆ ಅವರಿಗೆ ಅನಿಸಿರಬೇಕು.

"ಇದು ನನ್ನ ಲೇಹ್ಯದ ಕೆಲಸ ಅಲ್ಲಮ್ಮ" ಎಂದರು. "ನಾಳೆ ನಾಡಿದ್ದು ಅನ್ಬೇಡಿ. ದೊಡ್ಡ ಆಸ್ಪತ್ರೆಗೆ ಹೋಗಿ."

ಹೊರಗೆ ಬಂದು ಆಟೋ ಹತ್ತಿದ ಕೂಡಲೇ ಅತ್ತೆ ಕೋಣನಕುಂಟೆಯಲ್ಲಿದ್ದ ತಮ್ಮ ತಂಗಿಗೆ ಫೋನ್ ಮಾಡಿದರು. "ನಾಡಿ ಸಿಗ್ಲಿಲ್ಲ ಕಣೇ. ಎಷ್ಟು ಹುಡುಕಿದ್ರೂ ಸಿಗ್ಲಿಲ್ಲ. ಪಂಡಿತ್ರು ಕೈಚೆಲ್ಲಿಬಿಟ್ರು" ಎಂದರು. ಬಲಗೈಯ ಮಾತು ಬರುವ ಮೊದಲೇ ಫೋನು ಕಟ್ಟಾಯಿತು.

ನಾವು ಮನೆ ಸೇರಿ, ನಾನು ಮುಖ ತೊಳೆದು ಉಪ್ಪುಮಜ್ಜಿಗೆಯ ಲೋಟ ಕೈಗೆತ್ತಿಕೊಳ್ಳುವ ಹೊತ್ತಿಗೆ ಗೇಟಿನ ಬಳಿ ಕಾರು ನಿಂತಿತು. ಬಾಗಿಲು ತೆರೆದೆ. ಚಿಕ್ಕತ್ತೆ ಮತ್ತು ಅವರ ಯಜಮಾನರು ಮೆಟ್ಟಿಲ ಮೇಲಿದ್ದರು. ಚಿಕ್ಕತ್ತೆ ಆಗಲೇ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದರು. ನನ್ನನ್ನು ನೋಡಿ ಹಾಗೇ ಹೊಸ್ತಿಲ ಮೇಲೆ ಕುಳಿತುಬಿಟ್ಟರು.

"ಬನ್ನಿ ಚಿಕ್ಕತ್ತೆ, ಒಳಗೆ ಬನ್ನಿ" ಎಂದೆ.

ಅವರ ಯಜಮಾನರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ನೀನೇನಾ" ಎಂದರು.

ಮರುದಿನ ಭಾನುವಾರವಾದರೂ ಗಂಡ ನನ್ನನ್ನು ಜೆ.ಪಿ. ನಗರದ ಒಂದು ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದುಕೊಂಡು ಹೋದರು. ಅತ್ತೆಯೂ ಬಂದರು. ನರ್ಸು ಎಡಗೈಗೆ ಪಟ್ಟಿ ಕಟ್ಟಿ ಮೆಷಿನ್ ಒತ್ತಿದರೆ ಅದು ಎರರ್ ತೋರಿಸಿತು. ಅವರು ಬ್ಯಾಟರಿ ಬದಲಾಯಿಸಿದರು. ಮತ್ತೆ ಎರರ್. ಬಲಗೈಗೆ ಕಟ್ಟಿದಾಗ ಅಂಕಿಗಳು ಏರುತ್ತ ಏರುತ್ತ ಹೋಗಿ ನಿಂತವು. ಅವರು ಅದನ್ನು ನೋಡಿ ಬೇಗ ಬೇಗ ಡಾಕ್ಟರನ್ನು ಕರೆಯಲು ಹೋದರು. ಲೋ ಬಿಪಿ ಎಂದು ತಿಂಗಳುಗಟ್ಟಲೆ ಉಪ್ಪು ತಿಂದ ನನಗೆ ಇದ್ದದ್ದು ಭಾರೀ ಹೈ ಬಿಪಿ.

ಅವತ್ತೇ ಸೇರಿಸಿಕೊಂಡರು. ರಕ್ತ ಪರೀಕ್ಷೆ, ಸ್ಕ್ಯಾನ್, ಕಣ್ಣಿಗೆ ದೀಪ ಬಿಟ್ಟು ನೋಡುವುದು, ಎಲ್ಲ ಆಯಿತು. ಕೊನೆಗೆ ನನ್ನನ್ನು ನೋಡಲು ಬಂದವರು ಕೀಲುವಾತದ ಡಾಕ್ಟರು, ನನ್ನದೇ ವಯಸ್ಸಿನ ಹೆಂಗಸು.

"ಇವಳಿಗೆ ಕೀಲು ಚೆನ್ನಾಗೇ ಇದೆ ಮೇಡಂ, ತಲೆ ಮಾತ್ರ ತೊಂದ್ರೆ" ಎಂದರು ನನ್ನ ಗಂಡ, ರೂಮು ತಪ್ಪಿ ಬಂದಿದ್ದಾರೆಂದು ಭಾವಿಸಿ.

ಡಾಕ್ಟರು ನಕ್ಕು ಕುರ್ಚಿ ಎಳೆದುಕೊಂಡು ಕುಳಿತರು. ನನಗೆ ಬಂದದ್ದು ದೊಡ್ಡ ರಕ್ತನಾಳಗಳ ಉರಿಯೂತವಂತೆ. ನಮ್ಮ ದೇಹದ ರಕ್ಷಣಾ ಪಡೆಯೇ ದಾರಿ ತಪ್ಪಿ ರಕ್ತನಾಳದ ಗೋಡೆಯ ಮೇಲೇ ಬೀಳುತ್ತದೆ, ಗೋಡೆ ಊದುತ್ತದೆ, ದಪ್ಪವಾಗುತ್ತದೆ, ಒಳಗಿನ ದಾರಿ ಸಪೂರವಾಗುತ್ತದೆ. ಯಾವುದೋ ಜಪಾನಿ ಡಾಕ್ಟರ ಹೆಸರು ಅದಕ್ಕೆ. ಅವರು ಆ ಹೆಸರು ಹೇಳಿದಾಗ ಅತ್ತೆ, "ಅದು ಸ್ಕೂಟರ್ ಅಲ್ವಾ" ಎಂದು ಮಗನನ್ನು ಮೆಲ್ಲಗೆ ಕೇಳಿದರು.

ಎಡಗೈಗೆ ಹೋಗುವ ನಾಳ ಬುಡದಲ್ಲೇ ಮುಚ್ಚುತ್ತ ಬಂದಿತ್ತು. ಅದಕ್ಕೇ ಅಲ್ಲಿ ನಾಡಿಯಿಲ್ಲ, ಅಲ್ಲಿ ನೋಡಿದ ಬಿಪಿ ಸುಳ್ಳು. ಕಿಡ್ನಿಗೆ ಹೋಗುವ ಒಂದು ನಾಳವೂ ಸಪೂರವಾಗಿ, ನಿಜವಾದ ಬಿಪಿ ಮೇಲೇರಿತ್ತು. ಬೆಳಗಿನ ತಲೆನೋವು ಅದರದ್ದು.

"ಹಾಗಾದ್ರೆ ಕ್ಲಾಸಲ್ಲಿ ಕಣ್ಣು ಕತ್ಲೆ ಬಂದಿದ್ದು?" ಎಂದು ಕೇಳಿದೆ.

"ನೀವು ಗಾಡಿ ಓಡಿಸ್ತೀರಾ ಸಾರ್?" ಎಂದು ಡಾಕ್ಟರು ನನ್ನ ಗಂಡನನ್ನು ಕೇಳಿದರು.

"ದಿನಾ, ಮೇಡಂ. ಬನಶಂಕರಿ ಬಸ್ ಸ್ಟ್ಯಾಂಡ್ ಮೇಲೇ ಹೋಗ್ಬೇಕು."

"ಮೇನ್ ರೋಡ್ ಬ್ಲಾಕ್ ಆದ್ರೆ ಜನ ಏನ್ ಮಾಡ್ತಾರೆ?"

"ಒನ್‌ವೇಲಿ ಉಲ್ಟಾ ನುಗ್ತಾರೆ."

"ಅದೇ ಆಗಿರೋದು. ಕೈಗೆ ಹೋಗೋ ದಾರಿ ಬ್ಲಾಕ್. ಮೇಡಂ ಕೈಯೆತ್ತಿ ಬರೆಯೋಕೆ ಶುರು ಮಾಡಿದ್ರೆ ಕೈಗೆ ರಕ್ತ ಜಾಸ್ತಿ ಬೇಕು. ಎಲ್ಲಿಂದ ತರೋದು? ಮೆದುಳಿನ ಹಿಂಭಾಗಕ್ಕೆ ಹೋಗೋ ನಾಳದಲ್ಲಿ ರಕ್ತ ಉಲ್ಟಾ ಇಳಿದು ಕೈಗೆ ಬರುತ್ತೆ. ತಲೆಗೆ ಕಮ್ಮಿ ಆಗುತ್ತೆ. ಒಂಥರಾ ಕೈ ತಲೆಯಿಂದ ಕದ್ದ ಹಾಗೆ."

ಗಂಡನಿಗೆ ಇಡೀ ವೈದ್ಯಶಾಸ್ತ್ರ ಒಮ್ಮೆಗೇ ಅರ್ಥವಾಯಿತು. "ರಾಂಗ್ ಸೈಡ್" ಎಂದು ತಲೆಯಾಡಿಸಿದರು. ಅತ್ತೆ ನನ್ನ ಎಡಗೈಯನ್ನು ಬೇರೆಯೇ ಕಣ್ಣಿನಿಂದ ನೋಡಿದರು. ಇಷ್ಟು ವರ್ಷ ಅದರ ಬಗ್ಗೆ ಅವರಿಗಿದ್ದ ಅನುಮಾನಕ್ಕೆ ಈಗ ಸ್ಕ್ಯಾನಿನ ಆಧಾರ ಸಿಕ್ಕಿತ್ತು.

ಡಾಕ್ಟರು ಆಮೇಲೆ ಊಟದ ವಿಷಯಕ್ಕೆ ಬಂದು, ಉಪ್ಪು ಎಷ್ಟು ತಿನ್ನುತ್ತೀರಿ ಎಂದು ಕೇಳಿದರು. ನಾನು ಹೇಳಿದೆ. ಅವರು ಪೆನ್ನು ಕೆಳಗಿಟ್ಟರು. ಅತ್ತೆ ಕಿಟಕಿಯಾಚೆ ಏನೋ ಕಂಡವರಂತೆ ಆ ಕಡೆ ತಿರುಗಿದರು.

"ಇವತ್ತಿಂದ ಉಪ್ಪಿನಕಾಯಿ, ಹಪ್ಪಳ ಯಾವ್ದೂ ಬೇಡ" ಎಂದರು ಡಾಕ್ಟರು. ಅವರ ದನಿ ಈಗ ಬದಲಾಗಿತ್ತು. "ಸರಿಯಾದ ಟೈಮಿಗೆ ಬಂದಿದೀರಿ. ಇನ್ನೂ ಬಿಟ್ಟಿದ್ರೆ ಸ್ಟ್ರೋಕ್ ಆಗಬಹುದಿತ್ತು, ಕಣ್ಣಿಗೂ ತೊಂದ್ರೆ ಆಗಬಹುದಿತ್ತು. ಮಾತ್ರೆ ತಪ್ಪಿಸೋ ಹಾಗಿಲ್ಲ."

ಅಲ್ಲಿಯವರೆಗೆ ನನಗೆ ಭಯವಾಗಿರಲಿಲ್ಲ. ಅವರು ಹೋದ ಮೇಲೆ ಆಯಿತು. ಗಂಡ ನೀರಿನ ಬಾಟಲಿಯ ಮುಚ್ಚಳವನ್ನು ತೆಗೆಯುವುದು, ಹಾಕುವುದು ಮಾಡುತ್ತ ಕುಳಿತಿದ್ದರು. ಬಿಪಿ ಹತೋಟಿಗೆ ಬಂದು ನನ್ನನ್ನು ಮನೆಗೆ ಕಳಿಸಿದ ದಿನ ಅತ್ತೆ ಮೊದಲು ಅಡುಗೆಮನೆಗೆ ಹೋದರು. ಜಾಡಿಗಳನ್ನು ಒಂದೊಂದಾಗಿ ಒರೆಸಿ, ಬಟ್ಟೆ ಕಟ್ಟಿ, ಚಿಕ್ಕತ್ತೆಯ ಮನೆಗೆ ಕಳಿಸಲು ಬಾಗಿಲ ಬಳಿ ಸಾಲಾಗಿ ಇಟ್ಟರು. ನಾನು ನೋಡುತ್ತ ನಿಂತಿದ್ದೆ.

"ನಾನೇ ಅಲ್ವೇನೇ ತಿನ್ನಿಸಿದ್ದು" ಎಂದರು, ನನ್ನ ಕಡೆ ತಿರುಗದೆ.

"ಡಾಕ್ಟ್ರು ಹೇಳಿದ್ರು, ನೀವು ತಿನ್ನಿಸಿದ್ರಿ. ನಿಮ್ಮದೇನು ತಪ್ಪು ಅತ್ತೆ."

"ಡಾಕ್ಟ್ರು ಸ್ವಲ್ಪ ಅಂದಿದ್ರು" ಎಂದರು ಅವರು.

ನನಗೆ ನಗು ಬಂತು. ಅವರಿಗೆ ಬರಲಿಲ್ಲ. ಕಣ್ಣೊರೆಸಿಕೊಂಡು, ಮಿಡಿ ಉಪ್ಪಿನಕಾಯಿಯ ಜಾಡಿಯೊಂದನ್ನು ಮಾತ್ರ ಸಾಲಿನಿಂದ ತೆಗೆದು ಮತ್ತೆ ಒಳಗೆ ಒಯ್ದರು. ಅದು ಮಗನಿಗಂತೆ.

ಸ್ಟಿರಾಯ್ಡ್ ಮಾತ್ರೆಗಳು ಶುರುವಾದವು. ಅವು ತಲೆಗೆ ಎಷ್ಟು ಒಳ್ಳೆಯದು ಮಾಡಿದವೋ ಹೊಟ್ಟೆಯನ್ನು ಅಷ್ಟೇ ಕೆರಳಿಸಿದವು. ನನಗೆ ಬೆಳಗಿನ ತಿಂಡಿ ತಿಂದು ಕೈ ತೊಳೆಯುವಾಗಲೇ ಹಸಿವಾಗುತ್ತಿತ್ತು. ಮನೆಯಲ್ಲಿದ್ದದ್ದು ಉಪ್ಪಿಲ್ಲದ ಸಾರು, ಉಪ್ಪಿಲ್ಲದ ಪಲ್ಯ. ಅದನ್ನೇ ನಾನು ಮದುವೆಮನೆ ಊಟದಂತೆ ಮೂರು ಮೂರು ಸಲ ಹಾಕಿಸಿಕೊಂಡು ತಿಂದೆ. ಗಂಡ ನನ್ನ ಮೇಲಿನ ಪ್ರೀತಿಯಿಂದ ತಾವೂ ಅದೇ ಊಟ ಮಾಡುವುದಾಗಿ ಘೋಷಿಸಿದರು. ಒಂದು ವಾರದಲ್ಲೇ ಅವರು ಸಂಜೆ ಮನೆಗೆ ಬರುವಾಗ ಬಟ್ಟೆಯಲ್ಲಿ ಮಸಾಲೆ ದೋಸೆಯ ವಾಸನೆ ಬರತೊಡಗಿತು. ಅತ್ತೆಯೂ ನಾನೂ ಮೂಗಿಗೆ ಬಂದದ್ದನ್ನು ಬಾಯಿಗೆ ತರಲಿಲ್ಲ.

ಮುಖ ಪೂರ್ಣಚಂದ್ರನಂತೆ ಗುಂಡಗಾಯಿತು. ಎದುರುಮನೆಯ ಆಂಟಿ ತರಕಾರಿ ಗಾಡಿಯ ಬಳಿ ನನ್ನನ್ನು ಹಿಡಿದು, "ಈಗ ನೋಡಿ ಎಷ್ಟು ಲಕ್ಷಣವಾಗಿ ತುಂಬ್ಕೊಂಡಿದೀರಿ. ಮೊದ್ಲು ತೀರಾ ಕಡ್ಡಿ ಥರ ಇದ್ರಿ. ಯಾವ ಡಾಕ್ಟ್ರು?" ಎಂದು ವಿಳಾಸ ಕೇಳಿದರು. ಮುಖ್ಯೋಪಾಧ್ಯಾಯಿನಿಯವರಂತೂ ನನ್ನ ಮುಖ ನೋಡಿ, ತಾವು ಮೊದಲೇ ಊಹಿಸಿದ್ದು ನಿಜವೆಂಬ ತೃಪ್ತಿಯಲ್ಲಿ ಕುರ್ಚಿ ತರಿಸಿ ಕೂರಿಸಿದರು. ಅವರಿಗೆ ಆಸ್ಪತ್ರೆಯ ಚೀಟಿ ತೋರಿಸಿ ಅರ್ಥ ಮಾಡಿಸುವಷ್ಟರಲ್ಲಿ ಒಂದು ಪೀರಿಯಡ್ ಮುಗಿಯಿತು.

ಎಡಗೈಯೆತ್ತಿ ಬರೆಯುವಂತಿರಲಿಲ್ಲವಾದ್ದರಿಂದ ಬಲಗೈಗೆ ಬರಹ ಕಲಿಸಬೇಕಾಯಿತು. ಈ ಕೆಲಸವನ್ನು ಅತ್ತೆ ತಾವಾಗಿ ವಹಿಸಿಕೊಂಡರು. ಮೂಲೆಯ ಅಂಗಡಿಯಿಂದ ಕಾಪಿ ಪುಸ್ತಕ ತಂದು, ಊಟದ ಮೇಜಿನಲ್ಲಿ ನನ್ನನ್ನು ಕೂರಿಸಿ, ಎದುರು ಅವರೆಕಾಯಿ ಸುಲಿಯುತ್ತ ಕಾವಲು ಕೂತರು. ಅ, ಆ, ಇ, ಈ. ಎಂಎಸ್ಸಿ ಮಾಡಿದವಳ ಬಲಗೈ ಬರಹ ಅಂಗನವಾಡಿಯ ಮಟ್ಟದಲ್ಲಿತ್ತು.

"ಸೊನ್ನೆ ದುಂಡಗೆ ಬರ್ಲಿ" ಎನ್ನುತ್ತಿದ್ದರು.

ಶಾಲೆಯಲ್ಲಿ ನಾನು ಬಲಗೈಯಲ್ಲಿ ಬರೆದ ಮೊದಲ ಎಂಟರ ಅಂಕಿ ಬದನೆಕಾಯಿಯಂತಿತ್ತು. ಎಕ್ಸ್ ಯಾವುದು ವೈ ಯಾವುದು ಎಂದು ತರಗತಿಯಲ್ಲಿ ಎರಡು ಪಕ್ಷಗಳಾದವು. ಕೊನೆಗೆ ಮಕ್ಕಳೇ ಸರದಿಯ ಮೇಲೆ ಬೋರ್ಡಿಗೆ ಬಂದು ಬರೆಯುವುದು, ನಾನು ಪಕ್ಕದಲ್ಲಿ ನಿಂತು ಹೇಳುವುದು ಎಂದಾಯಿತು. ತಪ್ಪು ಬರೆದವರನ್ನು ಉಳಿದವರು ಬಿಡುತ್ತಿರಲಿಲ್ಲ. ಆ ವರ್ಷ ಯಾರೂ ಹಿಂದಿನ ಬೆಂಚಿನಲ್ಲಿ ನಿದ್ದೆ ಮಾಡಲಿಲ್ಲ, ಯಾವಾಗ ಸರದಿ ಬರುತ್ತದೋ ಎಂಬ ಭಯಕ್ಕೆ.

ಹನುಮಂತನಗರದ ಡಾಕ್ಟರಿಗೆ ಗಂಡ ಹೋಗಿ ವಿಷಯ ತಿಳಿಸಿದರು. ಅವರು ರಿಪೋರ್ಟನ್ನು ಎರಡು ಸಲ ಓದಿದರಂತೆ. ಮುಂದಿನ ಸಲ ನಾವು ಹೋದಾಗ ಸ್ಟೂಲು ಕೋಣೆಯ ನಟ್ಟನಡುವೆ ಬಂದಿತ್ತು. ಈಗ ಅವರು ಬಂದವರ ಎರಡೂ ಕೈ ನೋಡುತ್ತಾರೆ. ಬಾಗಿಲು ಮಾತ್ರ ಪೂರ್ತಿ ತೆರೆಯುವುದಿಲ್ಲ. ದಪ್ಪಗಿರುವವರು ಓರೆಯಾಗಿ ಒಳಗೆ ಬರುತ್ತಾರೆ.

ಮಾತ್ರೆಗಳು ಮೆಲ್ಲಮೆಲ್ಲಗೆ ಕಮ್ಮಿಯಾದವು, ಪೂರ್ತಿ ನಿಲ್ಲಲಿಲ್ಲ. ಎಡಗೈಗೆ ಸಣ್ಣ ಸಣ್ಣ ನಾಳಗಳು ಸುತ್ತುದಾರಿ ಮಾಡಿಕೊಂಡಿವೆ ಎಂದು ಸ್ಕ್ಯಾನ್ ಹೇಳಿತು. ಕ್ರಾಸ್ ರೋಡು ಎಂದರು ಗಂಡ. ಈಗ ಒಂದಿಷ್ಟು ಹೊತ್ತು ಬರೆದರೂ ಕಣ್ಣು ಕತ್ತಲೆ ಬರುವುದಿಲ್ಲ.

ಹೋದ ತಿಂಗಳು ಒಂದು ಸಂಜೆ ಮತ್ತೆ ತಲೆನೋವು ಬಂತು. ಮನೆಯಲ್ಲಿ ಎಲ್ಲರ ಮುಖವೂ ಬಿಳಿಚಿತು. ಗಂಡ ಬಲಗೈಯಲ್ಲಿ ಬಿಪಿ ನೋಡಿದರು, ಸರಿಯಾಗಿತ್ತು. ನಂಬದೆ ಮತ್ತೆ ನೋಡಿದರು. ಜೆ.ಪಿ. ನಗರಕ್ಕೆ ಓಡಿದೆವು. ಡಾಕ್ಟರು ಕಣ್ಣು, ಕುತ್ತಿಗೆ, ಕೈಕಾಲು ಎಲ್ಲ ನೋಡಿ, ರಕ್ತ ಪರೀಕ್ಷೆ ಮಾಡಿಸಿ, ಇವತ್ತು ಏನೇನು ಮಾಡಿದಿರಿ ಎಂದು ಕೇಳಿದರು. ಪಕ್ಕದ ಸೈಟಿನಲ್ಲಿ ಮನೆ ಕಟ್ಟುತ್ತಿದ್ದಾರೆ, ಬೆಳಿಗ್ಗೆಯಿಂದ ಟೈಲ್ಸ್ ಕತ್ತರಿಸುತ್ತಿದ್ದರು ಎಂದೆ. ಮಧ್ಯಾಹ್ನ ಊಟವೂ ತಡವಾಗಿತ್ತು.

"ಏನಿಲ್ಲ, ಬರೀ ತಲೆನೋವು" ಎಂದರು ಅವರು. "ಎಲ್ರಿಗೂ ಬರುತ್ತಲ್ಲ, ಅದು."

ನನಗಾದ ಸಂತೋಷವನ್ನು ಹೇಗೆ ಹೇಳಲಿ. ನನಗೂ ಎಲ್ಲರಂತೆ ಒಂದು ತಲೆನೋವು ಬಂದಿತ್ತು. ಮನೆಗೆ ಬಂದು ಹೇಳಿದಾಗ ಅತ್ತೆ ದೇವರಿಗೆ ಕೈಮುಗಿದು, ಕಾಫಿ ಮಾಡಲು ಒಳಗೆ ಹೋದರು. ನಾನು ಹಣೆ ಹಿಡಿದುಕೊಂಡು ಸೋಫಾದಲ್ಲಿ ಆರಾಮಾಗಿ ಒರಗಿದೆ. ಪಕ್ಕದ ಸೈಟಿನಲ್ಲಿ ಇನ್ನೂ ಟೈಲ್ಸ್ ಕತ್ತರಿಸುತ್ತಲೇ ಇದ್ದರು.